ಘಾಟಿ ದಾಟಿದ ಹುಡುಗಿ

ಇವತ್ತು ಮಧ್ಯಾಹ್ನ ಗರಾಜಿನಲ್ಲಿ ಕೂತು, ಲೈಬ್ರರಿಗೆ ಕೊಡಲು ಹಳೆಯ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆ. ತುಂಬಿದ್ದಕ್ಕಿಂತ ಫೋನು ನೋಡಿದ್ದೇ ಹೆಚ್ಚು ಅನ್ನಿ. ಮಗಳು ಮೇಧಾ ಒಬ್ಬಳೇ ಕಾರು ಓಡಿಸಿಕೊಂಡು ದೂರದ ಬೆಟ್ಟನಾಡು ವಯೋಮಿಂಗಿಗೆ ಹೊರಟು ಎರಡು ದಿನವಾಗಿದೆ. ಅಲ್ಲಿನ ಕಾಡೆಮ್ಮೆಗಳನ್ನು ನೋಡಿಕೊಳ್ಳುವ ಕೆಲಸವಂತೆ. ನೆವಾರ್ಕಿನಂಥ ಪೇಟೆಯಲ್ಲಿ ಹುಟ್ಟಿದವಳಿಗೆ ಕಾಡೆಮ್ಮೆ ಯಾಕೆ ಬೇಕಿತ್ತೋ! ಅಷ್ಟರಲ್ಲಿ ಕೈಗೆ ಸಿಕ್ಕ ಒಂದು ದಪ್ಪ ಪುಸ್ತಕದಿಂದ ಒಣಗಿದ ಗೋಧಿಹಿಟ್ಟು ಉದುರಿತು.

ಅದು ಒಂದು ಮಾಯದ ಕಥೆಯ ಎರಡನೇ ಭಾಗ. ಹಳೇ ಕಾಲದ ಅಮೆರಿಕ, ಗಡಿಯಲ್ಲೊಂದು ಊರು, ಊರಾಚೆ ಬೆಟ್ಟಸಾಲು, ಅದರಾಚೆ ನಡೆದಾಡುವ ಬಂಡೆಗಳು, ಹೆಸರು ಹಿಡಿದು ಕೂಗುವ ಗಾಳಿ. ಮೊದಲ ಭಾಗದಲ್ಲಿ ಪುಟ್ಟವಳಾಗಿದ್ದ ಹುಡುಗಿ ಇದರಲ್ಲಿ ಬೆಳೆದು, ಬೆಟ್ಟ ದಾಟಲು ಹೊರಡುತ್ತಾಳೆ.

ಅದನ್ನು ಓದಿದಾಗ ಮೇಧಾಗೆ ಹನ್ನೊಂದು ವರ್ಷ. ಮಂಡ್ಯದಿಂದ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಸಂಜೆ ಅಡುಗೆಮನೆಯಲ್ಲಿ ಮೇಧಾ ಇಂಗ್ಲಿಷಿನಲ್ಲಿ ಒಂದು ಪುಟ ಓದುವುದು, ನಾನು ಚಪಾತಿ ಲಟ್ಟಿಸುತ್ತ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳುವುದು. ನನ್ನ ಬಾಯಲ್ಲಿ ಬೆಟ್ಟದ ದಾರಿ ಘಾಟಿಯಾಯಿತು, ಹುಡುಗಿಯ ಬುತ್ತಿ ಜೋಳದ ರೊಟ್ಟಿಯಾಯಿತು. “ಅಲ್ಲಿ ಅವಳ್ಗೆ ಉಣ್ಣಕ್ಕೆ ಯಾರಿಕ್ತಾರೆ?” ಎಂಬುದು ಅತ್ತೆಯ ದಿನನಿತ್ಯದ ಚಿಂತೆ. ಅವರದೊಂದು ಕಟ್ಟಳೆಯೂ ಇತ್ತು. ಅವರೂರಿನ ಗುಡಿಯಲ್ಲಿ ಪುರಾಣ ಓದುವವರು ಕಷ್ಟದ ಜಾಗದಲ್ಲಿ ನಿಲ್ಲಿಸುತ್ತಿರಲಿಲ್ಲವಂತೆ. “ಕಾಡಲ್ಲಿ ಬುಟ್ಟು ಪುಸ್ತಕ ಮುಚ್ಚಬಾರ್ದು ಕಣವ್ವ” ಎನ್ನುತ್ತಿದ್ದರು. ಹೀಗಾಗಿ ಎಷ್ಟೋ ದಿನ ಸಾರು ಆರಿ ತಣ್ಣಗಾಗುತ್ತಿತ್ತು.

ಆ ದಿನಗಳಲ್ಲೇ ಸ್ಕೂಲಿನಿಂದ ಒಂದು ಫಾರ್ಮು ಬಂತು. ಐದು ದಿನ ಬೆಟ್ಟದ ಮೇಲೆ ಕ್ಯಾಂಪು, ಅಪ್ಪ ಅಮ್ಮ ಯಾರೂ ಬರುವಂತಿಲ್ಲ. ನಾನು ಅದನ್ನು ಸಾಂಬಾರ್ ಪುಡಿ ಡಬ್ಬದ ಕೆಳಗೆ ಇಟ್ಟು, ಮರೆತವಳಂತೆ ಓಡಾಡಿಕೊಂಡಿದ್ದೆ. ಕಥೆಯ ಹುಡುಗಿ ಘಾಟಿಯ ಬುಡಕ್ಕೆ ಬಂದ ದಿನ ನನ್ನ ಬಾಯಿಗೆ ಏನು ಬಂತೋ, “ಅಮ್ಮನ ನೆನಪಾಗಿ ಅವಳು ಮನೆಗೆ ವಾಪಸ್ ಹೊರಟುಬಿಟ್ಟಳು ಅತ್ತೆ” ಎಂದುಬಿಟ್ಟೆ.

“ಅಜ್ಜೀ, ನೋ! ಅವಳು ವಾಪಸ್ ಹೋಗಲ್ಲ! ಅಮ್ಮ ಮೇಡ್ ಇಟ್ ಅಪ್! ನನ್ನ ಫಾರ್ಮು ಕೂಡ ಸೈನ್ ಮಾಡಿಲ್ಲ!” ಮೇಧಾಳ ಕಣ್ಣು ತುಂಬಿತ್ತು.

“ಗೊತ್ತು ಕಣ್ ಮಗ. ನಿಮ್ಮವ್ವ ಸುಳ್ಳು ಹೇಳುವಾಗ ಚಪಾತಿ ಸೀದೋಯ್ತದೆ,” ಎಂದರು ಅತ್ತೆ. ತವದಿಂದ ನಿಜವಾಗಿಯೂ ಹೊಗೆ ಏಳುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಅಲ್ಲ ಕಣವ್ವ, ಮನೇಲೇ ಇರೋಳಾಗಿದ್ರೆ ಎರಡನೇ ಭಾಗ ಯಾಕ್ ಬರೀತಿದ್ರು?” ಎಂದರು.

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಹಿಟ್ಟಿನ ಕೈಯಲ್ಲೇ ಪುಸ್ತಕ ಕಸಿದುಕೊಂಡು, ಹುಡುಗಿ ಘಾಟಿ ದಾಟುವವರೆಗೂ ನಾನೇ ಓದಿ ಹೇಳಿದೆ. ರಾತ್ರಿ ಊಟಕ್ಕೆ ಬ್ರೆಡ್ಡು. ಮರುದಿನ ಫಾರ್ಮಿಗೆ ಸಹಿ ಹಾಕಿದೆ. ಕ್ಯಾಂಪಿನ ಐದು ದಿನವೂ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ, ಅತ್ತೆ ಕೇಳಿಸದವರಂತೆ ಇದ್ದರು. ಶುಕ್ರವಾರ ಮೇಧಾ ಒಂದೇ ಕಾಲುಚೀಲದಲ್ಲಿ ಬಸ್ಸಿಳಿದು, ಅಜ್ಜಿ ಹೇಳಿಕೊಟ್ಟಿದ್ದನ್ನು ತನ್ನ ಅಮೆರಿಕನ್ ನಾಲಿಗೆಯಲ್ಲಿ ಒಪ್ಪಿಸಿದಳು: “ಅಜ್ಜೀ, ಘಾಟಿ ದಾಟ್ದೆ!” ಅಂದಿನಿಂದ ಎಲ್ಲಿಗೆ ಹೋದರೂ ಅವಳು ಮುಟ್ಟಿದ ಸುದ್ದಿ ಕೊಡುವುದು ಹಾಗೆಯೇ.

ಇವತ್ತು ಗರಾಜಿನ ಮೆಟ್ಟಿಲ ಮೇಲೆ ಕೂತು, ಘಾಟಿಯ ಆ ಅಧ್ಯಾಯವನ್ನು ಮುಗಿಯುವವರೆಗೂ ಓದಿದೆ. ಪುಸ್ತಕವನ್ನು ಡಬ್ಬಕ್ಕೆ ಹಾಕಲು ಮನಸ್ಸು ಬರಲಿಲ್ಲ. ಸಂಜೆ ಫೋನು ಬಂತು.

“ಅಮ್ಮ, ಘಾಟಿ ದಾಟ್ದೆ. ಸಿಗ್ನಲ್ ಇರ್ಲಿಲ್ಲ. ಆರ್ ಯು ಓಕೆ?”

“ನಾನು ಆರಾಮಾಗಿದ್ದೀನಿ ಕಣೆ,” ಎಂದೆ.

ಒಳಗೆ ಬಂದು ಚಪಾತಿ ಮಾಡಿದೆ. ಒಂದೂ ಸೀಯಲಿಲ್ಲ.