ಕೆತ್ತದೇ ಉಳಿದ ಹೆಸರು

ಬೆಳಗಿನ ಆರೂಕಾಲು. ಅಮೆರಿಕದ ಪಿಸ್ಕಾಟವೇಯ ಗೋದಾಮುಗಳ ಸಾಲಿನ ಕೊನೆಯಲ್ಲಿರುವ ಕಲ್ಲಿನ ಕಾರ್ಖಾನೆಯ ಶಟರ್ ಅರ್ಧ ಮೇಲೇರಿದೆ. ಮೈಮೂನಾ ಶಾಬಂದ್ರಿ ಒಳಗಿನ ದೀಪ ಹಾಕುವುದಿಲ್ಲ. ಗೋರಿಕಲ್ಲೊಂದನ್ನು ತಳ್ಳುಗಾಡಿಯಲ್ಲಿ ಬಾಗಿಲ ಬಳಿ ತಂದು, ಪೂರ್ವಕ್ಕೆ ಓರೆಯಾಗಿ ನಿಲ್ಲಿಸಿ, ಪಕ್ಕದಲ್ಲಿ ಮಂಡಿಯೂರಿ ಕಾಯುತ್ತಾರೆ. ಪಾರ್ಕಿಂಗ್ ಲಾಟಿನ ಆಚೆಯಿಂದ ಬಿಸಿಲು ಬಂದು ಕಪ್ಪು ಕಲ್ಲಿನ ಮೇಲೆ ಅಡ್ಡ ಬಿದ್ದ ಕೂಡಲೇ ಪ್ರತಿ ಅಕ್ಷರದ ಅಂಚೂ ಎದ್ದು ಕಾಣುತ್ತದೆ. ಅವರು ಬೆರಳುದ್ದದ ಉಳಿ ತೆಗೆದು, ಒಂದು ಅಕ್ಷರದ ಹೊಟ್ಟೆಯಲ್ಲಿ ಉಳಿದಿದ್ದ ಅಕ್ಕಿಕಾಳಿನಷ್ಟು ಕಲ್ಲನ್ನು ಎಬ್ಬಿಸಿ ಊದುತ್ತಾರೆ.

"ನೆತ್ತಿ ಮೇಲಿನ ಲೈಟಲ್ಲಿ ಎಲ್ಲಾ ಚಂದವೇ ಕಾಣ್ತದೆ. ಬೆಳಕು ಅಡ್ಡ ಬಿದ್ರೆ ಮಾತ್ರ ಕಲ್ಲು ನಿಜ ಹೇಳೂದು," ಎನ್ನುತ್ತಾರೆ. "ಅದೂ ಅರ್ಧ ಗಂಟೆ ಅಷ್ಟೇ. ಆಮೇಲೆ ಸೂರ್ಯನೂ ಸುಳ್ಳು ಹೇಳ್ತಾನೆ."

ಐವತ್ತೆಂಟರ ಮೈಮೂನಾ ಭಟ್ಕಳದವರು. ಮನೆಮಾತು ನವಾಯತಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ನಾಲ್ಕು ಕಲ್ಲು, ಕಲ್ಲಿಗೆ ಸುಮಾರು ಎಂಬತ್ತು ಅಕ್ಷರ. ಮೊದಲು ರಬ್ಬರ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಕಲ್ಲಿಗೆ ಅಂಟಿಸುವುದು, ಮರಳು ಎರಚುವ ಯಂತ್ರ ಕೊರೆದ ಮೇಲೆ ಉಳಿ ಹಿಡಿದು ತಿದ್ದುವುದು. ಇಂಗ್ಲಿಷ್, ಅರಬ್ಬಿ, ಹೀಬ್ರೂ, ಸ್ಪ್ಯಾನಿಷ್. ಎಲ್ಲೋ ವರ್ಷಕ್ಕೊಮ್ಮೆ ಕನ್ನಡ. ಬಲಗೈಯ ಎರಡು ಬೆರಳು ಚಳಿಗಾಲದಲ್ಲಿ ಮಡಚುವುದಿಲ್ಲ. ಡಾಕ್ಟರು ಬಿಡಲು ಹೇಳಿ ಆರು ವರ್ಷವಾಯಿತು. ಮೈಮೂನಾ ಬಿಟ್ಟದ್ದು ಡಾಕ್ಟರನ್ನು.

ಈ ಕಸುಬಿಗೆ ಬಂದದ್ದು ಜಗಳದಿಂದ. ತೀರಿಕೊಂಡ ಸೋದರಮಾವನ ಕಲ್ಲು ಒಯ್ಯಲು ಬಂದಿದ್ದ ಮೈಮೂನಾಗೆ, ಕಂಪ್ಯೂಟರು ಅರಬ್ಬಿ ಹೆಸರನ್ನು ತಿರುಗುಮುರುಗಾಗಿ, ಅಕ್ಷರ ಅಕ್ಷರ ಬಿಡಿಸಿ ಕೊರೆದದ್ದು ಕಂಡಿತು. ಎಡದಿಂದ ಬಲಕ್ಕೆ ಓದಿದರೂ ಅಲ್ಲ, ಬಲದಿಂದ ಎಡಕ್ಕೆ ಓದಿದರೂ ಅಲ್ಲ. "ಅಕ್ಷರಗಳು ಜಗಳ ಆಡಿ ಮುಖ ತಿರುಗಿಸಿ ಕೂತಂಗೆ ಇತ್ತು ಮಾರಾಯ್ತಿ. ಮಾವ ಬದುಕಿದ್ದಾಗ್ಲೇ ಯಾರೂ ಅವರ ಹೆಸರು ಸರಿ ಹೇಳ್ಲಿಲ್ಲ, ಸತ್ತ ಮೇಲೂ ಇಲ್ವಾ?" ಕಾರ್ಖಾನೆಯ ಮಾಲೀಕ ಫ್ರ್ಯಾಂಕ್ ಡಿಲಿಯೋ ಪೆನ್ಸಿಲ್ ಕೊಟ್ಟು, ಹಾಗಾದರೆ ನೀವೇ ಬರೆಯಿರಿ ಎಂದ. ಅವರು ಬರೆದರು. ಸೋಮವಾರದಿಂದ ಕೆಲಸಕ್ಕೆ ಬರಹೇಳಿದ.

ಅವರು ತಿದ್ದುವ ಕಪ್ಪು ಕಲ್ಲು ಹೆಚ್ಚಿನದೂ ಚಾಮರಾಜನಗರದ್ದು. ಹೊಳಪು ಕೊಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು, ಹಡಗಿನಲ್ಲಿ ನೆವಾರ್ಕ್ ಬಂದರಿಗೆ ಬರುತ್ತದೆ. ಆರೇಳು ನೂರು ವರ್ಷಗಳ ಹಿಂದೆಯೂ ಹೀಗೆ ಕಲ್ಲು ಹಡಗು ಹತ್ತುತ್ತಿತ್ತೆಂದು ಮೈಮೂನಾಗೆ ಗೊತ್ತಾದದ್ದು ಕಳೆದ ಮಾರ್ಚ್‌ನಲ್ಲಿ. ಪ್ರಿನ್ಸ್‌ಟನ್‌ನ ಒಂದು ಚಿಕ್ಕ ಖಾಸಗಿ ಸಂಗ್ರಹಾಲಯ ಅರಬ್ಬೀ ಸಮುದ್ರದ ಹಳೆಯ ವ್ಯಾಪಾರದ ಬಗ್ಗೆ ಪ್ರದರ್ಶನ ಮಾಡಹೊರಟಿತ್ತು. ಅಲ್ಲಿ ಕೆಲಸ ಮಾಡುವ ಸಂಶೋಧನಾ ವಿದ್ಯಾರ್ಥಿನಿ ಜಾನ್ವಿ ಒಂದು ಫೋಟೊ ಹಿಡಿದು ಕಾರ್ಖಾನೆಗೆ ಬಂದಳು. ಗುಜರಾತಿನ ಖಂಭಾತದಲ್ಲಿ ಕೆತ್ತಿದ ಬಿಳಿ ಅಮೃತಶಿಲೆಯ ಗೋರಿಕಲ್ಲು. ಸುತ್ತ ಕುರಾನಿನ ಸಾಲುಗಳು, ಕೆಳಗೆ ಹೆಸರಿಗೆಂದು ಒಂದು ಚೌಕ. ಇಂಥ ಕಲ್ಲುಗಳು ಅತ್ತ ಆಫ್ರಿಕದ ತೀರಕ್ಕೂ ಇತ್ತ ಸುಮಾತ್ರಕ್ಕೂ ಹೋಗುತ್ತಿದ್ದವು. ಹೊಸದಾಗಿ ಮಸೀದಿ ಎದ್ದ ಬಂದರುಗಳಲ್ಲಿ ಅರಬ್ಬಿ ಕೆತ್ತಬಲ್ಲ ಕೈಗಳು ಕಡಿಮೆ. ಮಳೆಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯುತ್ತಿದ್ದ ವರ್ತಕರಲ್ಲಿ ಕೆಲವರು ಅಲ್ಲೇ ಮದುವೆಯಾದರು, ಮಕ್ಕಳಾದವು, ಧರ್ಮ ಬೇರುಬಿಟ್ಟಿತು. ಸತ್ತಾಗ ಅವರಿಗೆ ಕಲ್ಲು ಕಡಲಿನ ಮೇಲೆ ಬರಬೇಕಾಗಿತ್ತು.

"ಆಂಟಿ, ನಿಮ್ಮ ಸರ್‌ನೇಮ್ ಕೂಡ ಆ ಕಾಲದ್ದೇ, you know? ಶಾಹ್ ಬಂದರ್ ಅಂದ್ರೆ ಬಂದರಿನ ಅಧಿಕಾರಿ," ಎಂದಳು ಜಾನ್ವಿ.

"ಗೊತ್ತಿದೆ. ಬಂದರು ಹೋಯ್ತು, ಕಲ್ಲು ಇಳಿಸೂ ಕೆಲಸ ಮಾತ್ರ ಉಳೀತು," ಎಂದರು ಮೈಮೂನಾ.

ಸಂಗ್ರಹಾಲಯಕ್ಕೆ ಬೇಕಿದ್ದದ್ದು, ಜನ ಮುಟ್ಟಿ ನೋಡಬಹುದಾದ ಒಂದು ಪ್ರತಿಕೃತಿ. ಹೆಸರಿನ ಚೌಕವನ್ನು ಉಳಿಯಿಂದ ಒರಟು ಮಾಡಿ, ಹೆಸರು ಅಳಿಸಿಹೋದಂತೆ ತೋರಿಸಬೇಕು ಎಂದು ಆರ್ಡರಿನಲ್ಲಿ ಬರೆದಿತ್ತು. ಮೈಮೂನಾ ಫೋಟೊವನ್ನು ಮೂರು ದಿನ ನೋಡಿದರು. ನಾಲ್ಕನೆಯ ದಿನ, ಸುತ್ತಲಿನ ಸಾಲುಗಳನ್ನು ಕೆತ್ತುತ್ತೇನೆ, ಚೌಕ ಮುಟ್ಟುವುದಿಲ್ಲ, ಉಳಿ ತಗಲಿದ ಕಲ್ಲು ಹೀಗಿರುವುದಿಲ್ಲ ಎಂದರು. ಗಿರಾಕಿ ಹೇಳಿದ ಹಾಗೆ ಮಾಡದಿದ್ದರೆ ಈ ಕಲ್ಲು ಬೇರೆಯವರ ಕೈಗೆ ಹೋಗುತ್ತದೆ ಎಂದು ಫ್ರ್ಯಾಂಕ್ ಎಚ್ಚರಿಸಿದ. ಮಾಡುವವರು ಬೇರೆಯವರಾದರೂ ಸುಳ್ಳು ಅದೇ ಅಲ್ಲವೇ ಎಂದು ಅವರು ಕೇಳಿದರು. ಅಸಲು ಕಲ್ಲನ್ನು ಒಮ್ಮೆ ಕಣ್ಣಿಂದ ನೋಡಬೇಕು. ತಾನು ತಪ್ಪಿದ್ದರೆ ಭಾನುವಾರಗಳಲ್ಲಿ ಬಂದು ಬಿಟ್ಟಿ ಕೆಲಸ ಮಾಡಿಕೊಡುತ್ತೇನೆ. ಅದೊಂದೇ ಅವರ ಷರತ್ತು.

ಪ್ರದರ್ಶನದ ಹೊಣೆ ಹೊತ್ತಿದ್ದವರು ಮೈಸೂರು ಕಡೆಯ ಇತಿಹಾಸದ ಪ್ರಾಧ್ಯಾಪಕ ಶಿವಪ್ರಸಾದ್. ಅವರು ಒಪ್ಪಿದರು, ಆದರೆ ಮನಸ್ಸಿಲ್ಲದೆ.

"ನೋಡಿ ಮೇಡಂ, ನಲವತ್ತು ವರ್ಷದಿಂದ ಕೆಟಲಾಗಿನಲ್ಲಿ ಹೆಸರು ನಾಶವಾಗಿದೆ ಅಂತಲೇ ಇದೆ. ದೊಡ್ಡ ದೊಡ್ಡವರು ಬಂದು ನೋಡಿ ಹೋಗಿದ್ದಾರೆ."

"ನಿಂತು ನೋಡಿದ್ರಾ, ಕೂತು ನೋಡಿದ್ರಾ ಸರ್?"

ಮೈಮೂನಾ ಸಂಗ್ರಹಾಲಯದ ಕೋಣೆಯ ದೀಪ ಆರಿಸಲು ಹೇಳಿ, ನೆಲದ ಮೇಲೆ ಕುಳಿತರು. ಜಾನ್ವಿಯ ಫೋನಿನ ಟಾರ್ಚನ್ನು ಕಲ್ಲಿನ ಮೈಗೆ ಒತ್ತಿ ಅಡ್ಡ ಹಿಡಿಸಿದರು. ಚೌಕದ ನಡುವೆ ಹಳೆಯ ಸುಣ್ಣ ಹೆಪ್ಪುಗಟ್ಟಿತ್ತು. ಫೋಟೊದಲ್ಲಿ ಒಡೆದಂತೆ ಕಂಡದ್ದು ಅದು. ಸುಣ್ಣ ಹತ್ತದ ಅಂಚಿನಲ್ಲಿ ಎರಡು ಗೆರೆ ಕಂಡವು. ಸೂಜಿಮೊನೆಯಿಂದ ಎಳೆದಂಥವು, ಕೂದಲಿನಷ್ಟು ಸಣ್ಣವು. ಸುಣ್ಣ ಬಿಟ್ಟ ಕಡೆಯಲ್ಲೆಲ್ಲ ಅವೇ ಗೆರೆಗಳು, ಎಲ್ಲೂ ತುಂಡಾಗದೆ.

"ಅಕ್ಷರ ಡೊಂಕಾಗ್ಬಾರ್ದು ಅಂತ ನಾವು ಎಳೆಯುವ ಗೆರೆ ಇದು. ಕೆತ್ತಿ ಮುಗಿದ ಮೇಲೆ ತಿಕ್ಕಿ ಅಳಿಸ್ತೇವೆ. ಗೆರೆ ಉಳಿದಿದೆ ಅಂದ್ರೆ ಕೆಲಸ ಶುರುವೇ ಆಗ್ಲಿಲ್ಲ. ಸುತ್ತಲಿನ ಸಾಲಿನಲ್ಲಿ ಹುಡುಕಿ, ಒಂದು ಗೆರೆ ಸಿಕ್ಕಿದ್ರೆ ಹೇಳಿ."

ಶಿವಪ್ರಸಾದ್ ಕೊನೆಗೂ ನೆಲಕ್ಕೆ ಕುಳಿತು, ಕನ್ನಡಕ ಒರೆಸಿಕೊಂಡು ಹುಡುಕಿದರು. ಸಿಗಲಿಲ್ಲ. ಖಾಲಿ ಕಲ್ಲನ್ನು ಜನಕ್ಕೆ ಏನೆಂದು ವಿವರಿಸುವುದು ಎಂಬುದು ಅವರಿಗೆ ಉಳಿದ ಚಿಂತೆ.

"ಅಲ್ಲ ಸರ್, ಇಲ್ಲಿ ಗಂಡ ಹೆಂಡ್ತಿಗೆ ಸೇರಿಸಿ ಒಂದೇ ಕಲ್ಲು ಮಾಡಿಸ್ತಾರೆ ಅಲ್ದಾ? ವಾರಕ್ಕೆ ಆರೇಳು ಬರ್ತದೆ. ಒಂದು ಬದಿ ಹೆಸರು, ಇನ್ನೊಂದು ಬದಿ ಖಾಲಿ. ಅದನ್ನು ಹಾಳಾದ ಕಲ್ಲು ಅಂತ ಯಾರಾದ್ರೂ ಹೇಳ್ತಾರಾ? ಆ ಹೆಂಗಸು ಇನ್ನೂ ಇದ್ದಾಳೆ ಅಂತ ಅರ್ಥ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಿದ್ದಾಳೆ ಅಂತ ಅರ್ಥ."

ಜಾನ್ವಿ ದೀಪ ಹಾಕಿದಳು.

ಪ್ರದರ್ಶನ ಈಗ ನಡೆಯುತ್ತಿದೆ. 'ಹೆಸರು ನಾಶವಾಗಿದೆ' ಎಂದಿದ್ದ ಫಲಕದಲ್ಲಿ 'ಹೆಸರನ್ನು ಕೆತ್ತಿಲ್ಲ' ಎಂದು ಬದಲಾಗಿದೆ. ಅದನ್ನು ಕಂಡುಹಿಡಿದವರು ಯಾರೆಂದು ಫಲಕ ಹೇಳುವುದಿಲ್ಲ. ಸೇರಿಸೋಣವೇ ಎಂದು ಶಿವಪ್ರಸಾದ್ ಕೇಳಿದ್ದರು. ಕಾಗುಣಿತ ತಪ್ಪಿಸುತ್ತೀರಿ, ಬೇಡ ಎಂದರಂತೆ ಮೈಮೂನಾ. ಪಕ್ಕದಲ್ಲಿ ಅವರ ಪ್ರತಿಕೃತಿ ನಿಂತಿದೆ. ಹನ್ನೊಂದು ವಾರದ ಕೆಲಸ. ಸಾವಿರದಷ್ಟು ಅಕ್ಷರಗಳ ನಡುವೆ ಒಂದು ನುಣುಪಾದ ಚೌಕ, ಅದರಲ್ಲಿ ಎರಡು ಗೆರೆ. ಬಂದವರೆಲ್ಲ ಅಕ್ಷರಗಳ ಮೇಲೆ ಬೆರಳಾಡಿಸಿ, ಕೊನೆಗೆ ಅಂಗೈಯನ್ನು ಚೌಕದ ಮೇಲಿಟ್ಟು ನಿಲ್ಲುತ್ತಾರೆ.

ಡಿಸೆಂಬರ್‌ನಲ್ಲಿ ಪ್ರದರ್ಶನ ಮುಗಿದ ಮೇಲೆ ಆ ಪ್ರತಿಕೃತಿಯನ್ನು ಕಾರ್ಖಾನೆಗೆ ವಾಪಸ್ ಕೊಡಬೇಕೆಂದು ಮೈಮೂನಾ ಕೇಳಿಕೊಂಡಿದ್ದಾರೆ. ಶಟರಿನ ಬಳಿ, ಬೆಳಗಿನ ಬಿಸಿಲು ಬೀಳುವಲ್ಲಿ ನಿಲ್ಲಿಸುವ ಆಸೆ. "ಕೆಲಸ ಕಲೀಲಿಕ್ಕೆ ಬರುವವರಿಗೆ ತೋರಿಸ್ಬೇಕು. ಎಲ್ಲಿ ಕೆತ್ತಬೇಕು ಅಂತ ಯಾರು ಬೇಕಾದ್ರೂ ಹೇಳ್ತಾರೆ. ಎಲ್ಲಿ ಕೈ ತಡೀಬೇಕು ಅಂತ ಕಲೀಲಿಕ್ಕೆ ನಂಗೆ ಇಪ್ಪತ್ತು ವರ್ಷ ಹಿಡೀತು."

ಅಸಲು ಕಲ್ಲು ಬಂದರಿನಲ್ಲಿ ಮಾರಾಟವಾಗದೆ ಬಿದ್ದಿದ್ದಿರಬೇಕು ಎಂಬುದು ಜಾನ್ವಿಯ ಲೆಕ್ಕಾಚಾರ. ಅದರ ಮೇಲೆ ಲೇಖನವೊಂದನ್ನೂ ಬರೆಯುತ್ತಿದ್ದಾಳೆ. ಮೈಮೂನಾ ಅದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಯಾರೋ ಕಾಯಿಲೆ ಬಿದ್ದಿದ್ದರು, ಮನೆಯವರು ಗಾಬರಿಯಲ್ಲಿ ಕಲ್ಲು ತರಿಸಿದರು, ಗೆರೆಯನ್ನೂ ಎಳೆಸಿದರು.

"ಅಷ್ಟರಲ್ಲಿ ಆ ಪುಣ್ಯಾತ್ಮ ಗಂಜಿ ಕುಡಿದು ಎದ್ದು ಕೂತಿದ್ದಾನೆ," ಎನ್ನುತ್ತಾರೆ, ಮುಂದಿನ ಕಲ್ಲನ್ನು ಬಿಸಿಲಿಗೆ ತಿರುಗಿಸುತ್ತ. "ಗಾಳಿ ತಿರುಗಿದ ಕೂಡ್ಲೇ ಹಡಗು ಹತ್ತಿದ್ದಾನೆ."