ಪಾಂಡುವಿನ ಅರ್ಧ ಇಂಚಿನ ಹಟ

ಮರವಂತೆಯ ಪಾಂಡುವಿಗೆ ಕೋಪ ಮೂಗಿನ ತುದಿಯಲ್ಲೇ. ಗಂಗೊಳ್ಳಿಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಕಲಿತು, ಮುಂಬಯಿಯಲ್ಲಿ ಪಳಗಿ, ಈಗ ಊರಲ್ಲಿ ಎ.ಸಿ. ಕೂರಿಸುತ್ತಾನೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವನಿಂದ ಬೈಸಿಕೊಳ್ಳದ ಗಿರಾಕಿ ಇದ್ದರೆ ನನಗೆ ತೋರಿಸಿ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆ ನನಗೆ ಅರ್ಥವಾದದ್ದು ಹೋದ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಸೀತಕ್ಕನ ಮನೆಯಲ್ಲಿ.

ಸೀತಕ್ಕ ಮೀನು ಮಾರುವವರು. ಮಗ ಯೋಗೀಶ ದೋಣಿಯಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಎದೆಯಿಂದ ಕೆಳಗೆ ಅವನಿಗೆ ಸ್ವಾಧೀನವಿಲ್ಲ. ಬೆವರೂ ಬರುವುದಿಲ್ಲ. ಸೆಕೆ ಏರಿದರೆ ಮೈ ಕಾದು ಪ್ರಾಣಕ್ಕೇ ಕುತ್ತು ಎಂದು ಡಾಕ್ಟರು ಎಚ್ಚರಿಸಿದ್ದರು. ಅದಕ್ಕೇ ಮನೆಗೆ ಎ.ಸಿ. ಬಂತು. ಅದನ್ನು ಕೂರಿಸಿದ ಬೇರೊಬ್ಬ ಹೊರಗಿನ ಯಂತ್ರವನ್ನು ಕಡಲಿನ ಉಪ್ಪುಗಾಳಿ ತಾಗದಂತೆ ಹೊಳೆಯ ಬದಿಗೆ ಇಟ್ಟಿದ್ದ. ಅದು ಸರಿಯೇ. ಆದರೆ ಅಷ್ಟು ದೂರಕ್ಕೆ ತಾಮ್ರದ ಪೈಪು ಸಾಲದೆ, ಕೈಗೆ ಸಿಕ್ಕಿದ ಸಪೂರ ಪೈಪೊಂದನ್ನು ನಡುವೆ ಬೆಸೆದು ಹೋಗಿದ್ದ. ಎ.ಸಿ. ಸದ್ದು ಮಾಡುತ್ತಿತ್ತು, ತಂಪು ಮಾಡುತ್ತಿರಲಿಲ್ಲ. ಸೀತಕ್ಕ ನಿದ್ದೆಗೆಟ್ಟು ಮಗನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತಿರುತ್ತಿದ್ದರು.

ನಾನೇ ಹೋಗಿ ಪಾಂಡುವನ್ನು ಕರೆತಂದೆ. ಬೆಸುಗೆ ಕಂಡದ್ದೇ ತಡ, ಶುರು ಮಾಡಿದ.

"ಹ್ವಾಯ್, ಇದ್ ಹಾಕಿದ್ದ್ ಯಾರ್? ಗ್ಯಾಸ್ ವಾಪಾಸ್ ಬಪ್ಪ ದಾರಿದ್ ಗಂಟ್ಲೇ ಹಿಸ್ಕಿ ಇಟ್ಟಿದ!"

ಬೇಕಾದದ್ದು ಅರ್ಧ ಇಂಚಿನ ಪೈಪು. ಅಂದು ಭಾನುವಾರ. ಕುಂದಾಪುರದಲ್ಲಿ ತೆರೆದಿದ್ದ ಒಂದೇ ಅಂಗಡಿಯಲ್ಲಿ ಅದಕ್ಕಿಂತ ದಪ್ಪದ್ದು ಮಾತ್ರ ಇತ್ತು.

"ದೊಡ್ಡದೇ ಹಾಕ್ ಮಾರಾಯಾ, ಇನ್ನೂ ಒಳ್ಳೇದಲ್ದಾ? ಹುಡ್ಗನ ಮೈ ಕೆಂಡ ಆಯ್ತ್ ಕಾಣ್," ಎಂದು ಸೀತಕ್ಕ ಕೈಮುಗಿದರು.

"ಆತಿಲ್ಲೆ ಸೀತಕ್ಕ. ಹೊಳಿ ಅಗಲ ಆದಲ್ಲ್ ನೀರಿನ್ ಓಟ ಕಮ್ಮಿ ಆಯಿ ಮರಳ್ ಕೂಕಂತ್ತಲ್ದಾ? ಇದೂ ಹಾಂಗೆ. ದೊಡ್ಡ್ ಪೈಪಂಗ್ ಗ್ಯಾಸ್ ನಿಧಾನ ಆತ್, ಅದ್ರೊಟ್ಟಿಗ್ ಹೋದ್ ಎಣ್ಣಿ ತಿರ್ಗಿ ಮಿಷನಿಗ್ ಬತ್ತಿಲ್ಲೆ. ಇವತ್ತ್ ತಂಪಾತ್. ಮಳಿ ಬಪ್ಪುಕ್ ಮುಂಚೆ ಮಿಷನ್ನೇ ಸುಟ್ಟ್ ಹೋರೆ ಎಂತ ಮಾಡ್ತ್ರಿ?"

ಸೀತಕ್ಕ ಅತ್ತುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಹುಡುಗ ಹೀಗೆ ಬೇಯುತ್ತಿರುವಾಗ ಇವನಿಗೆ ಪೈಪಿನ ಅಳತೆಯೇ ದೊಡ್ಡದಾಯಿತೇ ಎಂದು ಕೇಳಿದೆ. ಪಾಂಡು ಬೈಕ್ ಹತ್ತಿ ಹೋದ.

ಹೊತ್ತು ಇಳಿಯುವ ಮೊದಲು ಹೆಗಲಿಗೆ ತಾಮ್ರದ ಸುರುಳಿ ಏರಿಸಿಕೊಂಡು ಬಂದ. ಅರ್ಧ ಇಂಚಿನದ್ದೇ, ಬೇಕಾದಷ್ಟು ಉದ್ದದ್ದೇ. ಜೊತೆಗೆ ಹೆಂಡತಿ ಸುಂದರಿ, ಕೈಯಲ್ಲಿ ಸ್ಪಾನರಿನ ಚೀಲ. ಗಂಡ ಹೆಂಡತಿ ಇಬ್ಬರೂ ಸೇರಿ ಹಳೆಯದನ್ನು ಬಿಚ್ಚಿದರು, ಹೊಸದನ್ನು ಎಳೆದರು. ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪು ಹಚ್ಚಿ ತೆಗೆದ ಮೇಲಷ್ಟೇ ಪಾಂಡು ಗ್ಯಾಸ್ ಬಿಟ್ಟ. ಅಷ್ಟು ಹೊತ್ತೂ ನನ್ನನ್ನು ಬೈಯುತ್ತಲೇ ಇದ್ದ, ಟಾರ್ಚು ನೆಟ್ಟಗೆ ಹಿಡಿಯಲಿಲ್ಲವೆಂದು.

ಕೋಣೆ ತಣ್ಣಗಾಗತೊಡಗಿತು. ಯೋಗೀಶ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟ. ಸೀತಕ್ಕ ಅವನ ಹಣೆ ಮುಟ್ಟಿ ನೋಡಿದರು, ಮತ್ತೊಮ್ಮೆ ಮುಟ್ಟಿ ನೋಡಿದರು. ನನಗೆ ಪಾಂಡುವನ್ನು ತಬ್ಬಿಕೊಳ್ಳಬೇಕು ಎನಿಸಿತು. ತಬ್ಬಿಕೊಂಡಿದ್ದರೆ ಅದಕ್ಕೂ ಬೈಯುತ್ತಿದ್ದ.

"ಭಾನುವಾರ ಈ ಪೈಪ್ ಎಲ್ಲ್ ಸಿಕ್ತ್ ಪಾಂಡು?" ಎಂದು ಸೀತಕ್ಕ ಕೇಳಿದರು.

ಅವನು ಚೀಲ ಕಟ್ಟುವುದರಲ್ಲೇ ಇದ್ದ. ಸುಂದರಿ ಹೇಳಿದಳು, "ನಮ್ಮನಿ ಎ.ಸಿ.ದೇ, ಬಿಚ್ಕಂಡ್ ಬಂದದ್."

"ಅಯ್ಯೋ ದೇವ್ರೇ, ಈ ಸೆಕಿಯಂಗ್ ನೀವ್ ಎಂತ ಮಾಡ್ತ್ರಿ?"

ಸುಂದರಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ನಮ್ಗ್ ಬೆವ್ರಾರೂ ಬತ್ತಲ್ದಾ ಸೀತಕ್ಕ."