ಏಳನೇ ನಂಬರಿನ ಜರ್ಸಿ

ಡ್ರಿಲ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಕಪ್ಪಗೆ, ಹುಣಸೆಬೀಜದಂತಿತ್ತು. ಹಳೆಯ ಹಾಕಿ ಜರ್ಸಿಯ ಒಳಮೈ ತಿರುವಿ, ಆ ಉಗುರನ್ನು ಹೊಲಿಗೆಗುಂಟ ಎಳೆಯುತ್ತ ಅದನ್ನು ತೊಟ್ಟವನ ಆಟ ಹೇಳುತ್ತಿದ್ದರು. ತರೀಕೆರೆಯ ಅವರ ಮನೆಯ ಒಂದು ಕೋಣೆ ತುಂಬ ಮೈದಾನದಲ್ಲಿ ಆಡಿ ಬಂದ ಜರ್ಸಿಗಳು. ಒಂದನ್ನೂ ಒಗೆಯುತ್ತಿರಲಿಲ್ಲ.

"ಒಗೆದ್ರೆ ಸತ್ತೋಯ್ತದೆ ಕಣೋ. ಈ ಕೆಮ್ಮಣ್ಣಿನ ಕಲೆ ನೋಡು. ಮಂಡಿ ಊರಿ ಚೆಂಡು ತಡೆದೋನು."

"ನಾತಕ್ಕೆ ಹಲ್ಲೀನೂ ಬರಲ್ಲ ಆ ರೂಮಿಗೆ," ಎಂದು ಅವರ ಹೆಂಡತಿ ಒಳಗಿನಿಂದ ಕೂಗಿದರೆ ಗಟ್ಟಿಯಾಗಿ ನಗುತ್ತಿದ್ದರು.

ನಂಬರು ಬದಲಾಯಿಸಿದ ಜರ್ಸಿಯನ್ನು ಗುರುತಿಸಲು ನನಗೆ ಕಲಿಸಿದ್ದೂ ಅವರೇ. ಬೆಳಕಿಗೆ ಹಿಡಿದರೆ ಹಳೆಯ ಅಂಕಿಯ ಸೂಜಿತೂತುಗಳು ಕಾಣುತ್ತವೆ.

ನನ್ನ ಅಣ್ಣನಿಗೆ ಸ್ಟಿಕ್ ಹಿಡಿಯಲು ಕಲಿಸಿದವರೂ ಈ ಮೇಷ್ಟ್ರೇ. ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಅವನ ಏಳನೇ ನಂಬರಿನ ಹಸಿರು ಜರ್ಸಿಯನ್ನು ಅವ್ವ ಟ್ರಂಕಿನಲ್ಲಿಟ್ಟಿದ್ದಳು. ಮೊಣಕೈ ಹರಿದಲ್ಲಿ, ಹಸಿರು ದಾರ ಸಿಗದೆ, ನೀಲಿಯಲ್ಲಿ ಹೊಲಿದದ್ದು ಅವಳೇ. ಬಟ್ಟೆಗೆ ನುಸಿ ಬೀಳತೊಡಗಿದಾಗ ಮೇಷ್ಟ್ರು ಕಡೂರಿನ ನಮ್ಮ ಮನೆಗೆ ಬಂದರು. "ನನ್ನತ್ರ ಮಲ್‌ಬಟ್ಟೇಲಿ ಸುತ್ತಿಡ್ತೀನಿ ಕಣಮ್ಮ. ನೀವ್ ಕೇಳಿದ್ ದಿನ ತಂದ್ಕೊಡ್ತೀನಿ." ಅವ್ವ ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಕಳೆದ ವರ್ಷ ಅಜ್ಜಂಪುರದ ಶಾಲೆಯೊಂದರಲ್ಲಿ ಅವರಿಗೆ ಸನ್ಮಾನವಿತ್ತು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೇಷ್ಟ್ರು ಒಂದು ಹಸಿರು ಜರ್ಸಿ ಎತ್ತಿ ಹಿಡಿದು, "ನಾನು ರಾಜ್ಯ ತಂಡದಲ್ಲಿ ತೊಟ್ಟು ಆಡಿದ್ದು," ಎಂದರು. ಬೆನ್ನ ಮೇಲೆ 11. ಕಿಟಕಿ ಅವರ ಹಿಂದಿತ್ತು. ಎರಡು ಗೆರೆಗಳ ನಡುವೆ, 7ರ ತಲೆಯ ಅಡ್ಡಗೆರೆಯಿದ್ದಲ್ಲಿ, ತೂತುಗಳು ಸಾಲಾಗಿ ಬೆಳಗಿದವು. ಕಣ್ತಪ್ಪಿರಬಹುದೆಂದು ಇನ್ನೊಮ್ಮೆ ನೋಡಿದೆ. ಮೊಣಕೈಯಲ್ಲಿ ನೀಲಿ ದಾರ. ಅಣ್ಣನಿಗೆ ಆಟ ಕಲಿಸಿದ ಕೈಯೇ ಅವನ ನಂಬರನ್ನು ಬಿಚ್ಚಿತ್ತು.

ಸಭೆ ಮುಗಿದ ಮೇಲೆ ಅವರನ್ನು ಒಂಟಿಯಾಗಿ ಹಿಡಿದು ಕೇಳಿದೆ. ಅವರು ತಪ್ಪಿಸಿಕೊಳ್ಳಲಿಲ್ಲ.

"ನಾನು ಒಂದ್ ಮ್ಯಾಚೂ ಆಡಿಲ್ಲ ಕಣೋ. ಹನ್ನೊಂದು ನಂಗೆ ಕೊಟ್ಟಿದ್ ನಂಬರು. ಬೆಂಚಲ್ಲಿ ಕೂತು ಬೇರೆಯೋರ ಬೆವರು ನೋಡ್ದೆ, ಅಷ್ಟೇ. ನನ್ ಜರ್ಸಿ ಹೊಸದಾಗೇ ಹಳೇದಾಯ್ತು."

"ಅವ್ವ ಅದನ್ನ ವಾಪಸ್ ಕೇಳ್ತಿದಾಳೆ ಸಾರ್. ಸಾಯೋದ್ರೊಳಗೆ ಒಂದ್ಸಲ ಮುಟ್ಬೇಕಂತೆ."

"ಭಾನ್ವಾರ ಏಳು ಹೊಲ್ದು ನಾನೇ ತತ್ತೀನಿ. ಯಾರ್ಗೂ ಹೇಳ್ಬೇಡ್ವೋ."

ಶುಕ್ರವಾರವೇ ಅವರ ಎದೆಬಡಿತ ನಿಂತಿತು.

ಅವ್ವನನ್ನು ಕರೆದುಕೊಂಡು ತರೀಕೆರೆಗೆ ಹೋದೆ. ಮೇಷ್ಟ್ರನ್ನು ಗೋಡೆಗೊರಗಿಸಿ ಕೂರಿಸಿ ವಿಭೂತಿ ಬಳಿದಿದ್ದರು. ಎದೆಯ ಮೇಲೆ, 11 ಕಾಣುವಂತೆ, ಶಿಷ್ಯರು ಹೊದಿಸಿದ ಹಸಿರು ಜರ್ಸಿ. ಅದರೊಂದಿಗೇ ಮಣ್ಣು ಮಾಡುವುದೆಂದು ಮಾತಾಗಿತ್ತು. ಅವರ ಹೆಂಡತಿ ಅದರ ಒಂದು ತೋಳು ಹಿಡಿದು, "ಇದ್ನ ಹಾಕ್ಕೊಂಡೇ ಆಡಿದ್ದು ಕಣ್ರೀ, ಅಷ್ಟು ದೊಡ್ ಟೀಮಲ್ಲಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅವ್ವ ಹತ್ತಿರ ಹೋಗಿ ಮೊಣಕೈಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ನನ್ನ ಕಡೆ ತಿರುಗಿದಳು.

"ಇದು ನಮ್ ಹುಡುಗನ್ದಲ್ವೇನೋ?"

ಮೇಷ್ಟ್ರ ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡಿದರು.

"ಅಲ್ಲ ಕಣವ್ವ," ಎಂದೆ. "ನಂಬರ್ ನೋಡು, ಹನ್ನೊಂದು."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಈಚೆ ಬಂದಳು.